ಕನ್ವಿಕ್ಟ್ ಸರೋವರದಲ್ಲಿ ಡೇರೆ, ಗಾಳ, ಬಿಸಿನೀರು

ಕ್ಯಾಲಿಫೋರ್ನಿಯಾದ ಪೂರ್ವ ಸಿಯೆರಾ ಬೆಟ್ಟಸಾಲಿಗೆ ಹೊರಟವರು ಯಾರಾದರೂ ಕೇಳಿದರೆ ನಾನು ಮೊದಲು ಗಾಳಿಯ ವಿಷಯ ಹೇಳುತ್ತೇನೆ. ಡೇರೆ, ಮೀನು, ಬಿಸಿನೀರು ಎಲ್ಲ ಆಮೇಲೆ. ಬೆಳಗಿನ ಹೊತ್ತು ಕನ್ವಿಕ್ಟ್ ಸರೋವರದ ನೀರು ಅಲುಗಾಡದೆ ಮಲಗಿರುತ್ತದೆ. ಮಧ್ಯಾಹ್ನ ಕಳೆದು ಕಣಿವೆಯಿಂದ ಗಾಳಿ ಇಳಿಯಲು ಶುರುವಾಯಿತೋ, ಎಸೆದ ಗಾಳ ಎಸೆದಲ್ಲಿ ಬೀಳುವುದಿಲ್ಲ, ಸ್ಟವ್ ಉರಿ ನಿಲ್ಲುವುದಿಲ್ಲ, ಗೂಟ ಸಡಿಲವಿರುವ ಡೇರೆ ಪಕ್ಕದವರ ಅಂಗಳಕ್ಕೆ ಹೋಗಿ ಕೂರುತ್ತದೆ. ಅದಕ್ಕೇ ನಾವು ಅಲ್ಲಿ ಗಡಿಯಾರ ನೋಡುವುದಿಲ್ಲ. ನಸುಕಿನಲ್ಲಿ ಮೀನು, ಬಿಸಿಲೇರುವ ಮೊದಲೇ ಅಡುಗೆ, ಗಾಳಿ ಎದ್ದ ಮೇಲೆ ಕಾರಿನಲ್ಲಿ ತಿರುಗಾಟ, ಸಂಜೆಗೆ ಬಿಸಿನೀರಿನ ಬುಗ್ಗೆ.

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಫ್ರೀಮಾಂಟ್‌ನಿಂದ ಹೊರಟರೆ ಯೊಸೆಮಿಟಿ ಪಾರ್ಕಿನ ಒಳಗಿಂದಲೇ ದಾರಿ. ಸುಮ್ಮನೆ ಹಾದುಹೋಗುತ್ತೇವೆ ಎಂದರೂ ಗೇಟಿನಲ್ಲಿ ಪ್ರವೇಶ ಶುಲ್ಕ ಕೊಡಲೇಬೇಕು. ಬೆಟ್ಟ ದಾಟುವ ಘಟ್ಟದ ದಾರಿ ಟಯೋಗಾ ಪಾಸ್ 9,943 ಅಡಿ ಎತ್ತರದಲ್ಲಿದೆ. ಅಲ್ಲಿಂದ ಇಳಿಜಾರು ಎಷ್ಟು ಕಡಿದೆಂದರೆ ಬ್ರೇಕ್ ವಾಸನೆ ಬರುವ ಮುಂಚೆ ಗೇರ್ ಇಳಿಸಿಕೊಳ್ಳುವುದು ಒಳ್ಳೆಯದು. ಕೆಳಗೆ ಲೀ ವೈನಿಂಗ್ ಊರು, ಎದುರಿಗೆ ಮೀನೇ ಇಲ್ಲದ ಉಪ್ಪುನೀರಿನ ಮೋನೋ ಸರೋವರ. ಅಲ್ಲಿ ಬಲಕ್ಕೆ ತಿರುಗಿ 395ನೇ ಹೆದ್ದಾರಿ ಹಿಡಿದು, ಮ್ಯಾಮತ್ ಲೇಕ್ಸ್ ದಾಟಿದ ಮೇಲೆ ಸಣ್ಣ ವಿಮಾನ ನಿಲ್ದಾಣ ಬರುತ್ತದೆ. ಅದರ ಹತ್ತಿರ ಬೆಟ್ಟದ ಕಡೆ ಎರಡು ಮೈಲಿ ಒಳಗೆ ಹೋದರೆ ಸರೋವರ.

1871ರಲ್ಲಿ ನೆವಾಡಾದ ಕಾರ್ಸನ್ ಸಿಟಿ ಜೈಲಿನಿಂದ ತಪ್ಪಿಸಿಕೊಂಡ ಕೈದಿಗಳನ್ನು ಬೆನ್ನಟ್ಟಿದವರು ಈ ಕಣಿವೆಯಲ್ಲಿ ಅವರನ್ನು ಎದುರಿಸಿದರು. ಗುಂಡಿನ ಕಾಳಗದಲ್ಲಿ ರಾಬರ್ಟ್ ಮಾರಿಸನ್ ಎಂಬವರು ಸತ್ತರು. ಕನ್ವಿಕ್ಟ್ ಎಂದರೆ ಕೈದಿ; ಹಾಗೆ ಸರೋವರಕ್ಕೆ ಕೈದಿಗಳ ಹೆಸರು, ಮೇಲೆ ನಿಂತಿರುವ ಬೂದು-ಕೆಂಪು ಪಟ್ಟೆಗಳ ಬೆಟ್ಟಕ್ಕೆ ಮಾರಿಸನ್ನರ ಹೆಸರು.

ಕ್ಯಾಂಪಿನ ಜಾಗ ಇನ್ಯೋ ರಾಷ್ಟ್ರೀಯ ಅರಣ್ಯಕ್ಕೆ ಸೇರಿದ್ದು. ಆರು ತಿಂಗಳ ಮುಂಚೆಯೇ ಸರ್ಕಾರಿ ಬುಕಿಂಗ್ ತಾಣ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಕಾದು ಕುಳಿತರೆ ಬೇಸಿಗೆಯ ಶನಿವಾರ-ಭಾನುವಾರ ಸಿಗುತ್ತದೆ. ನಾನಂತೂ ಅದರ ಹಿಂದೆ ಬೀಳುವುದಿಲ್ಲ, ಸೆಪ್ಟೆಂಬರಿನಲ್ಲಿ ವಾರದ ನಡುವೆ ಹೋಗುತ್ತೇನೆ. ಸೊಳ್ಳೆ ಇರುವುದಿಲ್ಲ, ಮಕ್ಕಳ ಗಲಾಟೆ ಕಡಿಮೆ, ತಿಂಗಳ ಕೊನೆಗೆ ಆಸ್ಪೆನ್ ಮರಗಳು ಹಳದಿಗೆ ತಿರುಗುತ್ತವೆ. ರಾತ್ರಿ ಮಾತ್ರ ಕೊರೆಯುವ ಚಳಿ. ಸರೋವರ ಇರುವುದೇ 7,850 ಅಡಿಯಲ್ಲಿ, ಅಂದರೆ ಸುಮಾರು 2,400 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಮೇಲೆ ಚಾಪೆ ಹಾಸಿ ಮಲಗಿದ ಲೆಕ್ಕ. ಊರಿನಿಂದ ಬಂದಿದ್ದ ಅಪ್ಪಯ್ಯನನ್ನು ಕರೆದುಕೊಂಡು ಹೋದಾಗ ಮೊದಲ ದಿನ ಡೇರೆ ಹೊಡೆದು, ನೀರು ಕುಡಿಸಿ, ಸುಮ್ಮನೆ ಕೂರಿಸಿದ್ದೆವು. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಇಷ್ಟು ಎತ್ತರಕ್ಕೂ, ಬಿಸಿನೀರಿನ ಕುಂಡಕ್ಕೂ ಹೋಗುವ ಮೊದಲು ಡಾಕ್ಟರನ್ನು ಒಂದು ಮಾತು ಕೇಳಿಬಿಡುವುದು ಲೇಸು.

ಎತ್ತರದ ಇನ್ನೊಂದು ಆಟ ಅಡುಗೆಯಲ್ಲಿ ಗೊತ್ತಾಗುತ್ತದೆ. ಅಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಕುಚ್ಚಲಕ್ಕಿ ಇಟ್ಟರೆ ಗ್ಯಾಸ್ ಮುಗಿಯುತ್ತದೆಯೇ ಹೊರತು ಅನ್ನ ಆಗುವುದಿಲ್ಲ, ತೊಗರಿಬೇಳೆಯದೂ ಅದೇ ಕಥೆ. ನಾವು ಮೂರು ಲೀಟರಿನ ಕುಕ್ಕರ್ ಒಯ್ಯುತ್ತೇವೆ, ಮನೆಯಲ್ಲಿ ಹಾಕುವುದಕ್ಕಿಂತ ಒಂದೆರಡು ವಿಷಲ್ ಜಾಸ್ತಿ. ಪಕ್ಕದ ಡೇರೆಯವರು ಮೊದಲ ವಿಷಲ್‌ಗೆ ಬೆಚ್ಚಿಬಿದ್ದು ನೋಡುತ್ತಾರೆ, ಆಮೇಲೆ ಸಾರಿನ ವಾಸನೆಗೆ ಹತ್ತಿರ ಬಂದು ಮಾತಾಡಿಸುತ್ತಾರೆ.

ವಾಸನೆಗೆ ಬರುವವರು ಅವರಷ್ಟೇ ಅಲ್ಲ. ಇದು ಕಪ್ಪು ಕರಡಿಗಳ ಸೀಮೆ. ಕ್ಯಾಂಪಿನಲ್ಲಿ ಕಬ್ಬಿಣದ ಪೆಟ್ಟಿಗೆ ಇಟ್ಟಿರುತ್ತಾರೆ, ಊಟ-ತಿಂಡಿಯೆಲ್ಲ ಅದರೊಳಗೇ ಇರಬೇಕು. ತಿನ್ನುವ ವಸ್ತು ಮಾತ್ರ ಎಂದುಕೊಳ್ಳಬೇಡಿ. ಟೂತ್‌ಪೇಸ್ಟ್, ಸೋಪು, ತೆಂಗಿನೆಣ್ಣೆ ಬಾಟಲಿ, ಅಮ್ಮ ಕಳಿಸಿದ ಮಿಡಿ ಉಪ್ಪಿನಕಾಯಿ, ಊದಿನಕಡ್ಡಿ, ಪರಿಮಳ ಇರುವುದೆಲ್ಲವೂ ಪೆಟ್ಟಿಗೆಗೆ. ಕಾರಿನೊಳಗೆ ಬಿಟ್ಟರೆ ಬಾಗಿಲು ಕಿತ್ತು ತೆಗೆಯುವ ಶಕ್ತಿ ಆ ಪ್ರಾಣಿಗಿದೆ.

ಇನ್ನು ಮೀನು. ಕ್ಯಾಲಿಫೋರ್ನಿಯಾದಲ್ಲಿ 16 ವರ್ಷ ತುಂಬಿದವರೆಲ್ಲರಿಗೂ ಲೈಸೆನ್ಸ್ ಬೇಕು, ಪ್ರವಾಸಕ್ಕೆ ಬಂದವರಿಗೆ ಒಂದೆರಡು ದಿನಕ್ಕಷ್ಟೇ ಸಿಗುವಂಥದ್ದೂ ಇದೆ. ಅಪ್ಪಯ್ಯನಿಗೆ ಇದೇ ದೊಡ್ಡ ತಮಾಷೆ.

"ಮೀನ್ ಹಿಡುಕೂ ಲೈಸೆನ್ಸಾ ಮಗಾ? ನೀರೂ ಇವ್ರದ್ದೇಯಾ?"

ನೀರಿನ ವಿಷಯ ಬಿಡಿ, ಮೀನಂತೂ ಒಂದು ಅರ್ಥದಲ್ಲಿ ಅವರದ್ದೇ. ಸಿಯೆರಾದ ಎತ್ತರದ ಸರೋವರಗಳಲ್ಲಿ ಹೆಚ್ಚಿನವುಗಳಲ್ಲಿ ಮೊದಲು ಮೀನೇ ಇರಲಿಲ್ಲ. ಜನ ತಂದು ಬಿಟ್ಟ ಟ್ರೌಟ್ ಬೆಳೆದವು, ಅವುಗಳ ಬಾಯಿಗೆ ಸಿಕ್ಕಿ ಅಲ್ಲಿನ ಹಳದಿ ಕಾಲಿನ ಕಪ್ಪೆಗಳು ಎಷ್ಟೋ ಕಡೆ ಕಾಣೆಯಾದವು. ಇಲ್ಲಿ ಸಿಗುವುದು ರೇನ್‌ಬೋ ಮತ್ತು ಬ್ರೌನ್ ಟ್ರೌಟ್. ಬ್ರೌನ್ ಯುರೋಪಿನಿಂದ ಬಂದದ್ದು. ಮರಿ ಕೇಂದ್ರದಲ್ಲಿ ಸಾಕಿದ ರೇನ್‌ಬೋವನ್ನು ಲಾರಿಯಲ್ಲಿ ತಂದು ಇಲ್ಲಿನ ನೀರಿಗೆ ಬಿಡುತ್ತಲೇ ಇರುತ್ತಾರೆ.

ಬೀಸುಬಲೆ ಇಲ್ಲಿ ನಿಷಿದ್ಧ. ಆದರೆ ಕೈಯಲ್ಲೇ ದಾರ ಹಿಡಿದು ಗಾಳ ಹಾಕುವುದಕ್ಕೆ ಕಾನೂನಿನಲ್ಲಿ ಅವಕಾಶ ಇದೆ ಎಂದು ಓದಿ ಹೇಳಿದ ಮೇಲೆ ಅಪ್ಪಯ್ಯನ ಮುಖ ಅರಳಿತು. ನಾನು ಕೋಲು, ರೀಲು, ಬಣ್ಣದ ಹಿಟ್ಟಿನಂಥ ಪವರ್‌ಬೇಟ್ ಇಟ್ಟುಕೊಂಡು ನಿಂತರೆ ಅವರು ಎರೆಹುಳು ಚುಚ್ಚಿ, ದಾರವನ್ನು ಬೆರಳಿಗೆ ಸುತ್ತಿ, ಸರೋವರದಿಂದ ತೊರೆ ಹೊರಡುವ ಬಾಯಿಯ ಹತ್ತಿರ ಕೂತರು. ನೀರು ನಡುವೆ 140 ಅಡಿ ಆಳ, ಆದರೆ ದಡದಿಂದ ಹಿಡಿಯುವವನಿಗೆ ಆಳದ ಗೊಡವೆ ಬೇಡ. ತೊರೆ ಬಂದು ಸೇರುವ ಕಡೆ, ಬಿಟ್ಟು ಹೊರಡುವ ಕಡೆ, ತಿಳಿನೀರು ಇದ್ದಕ್ಕಿದ್ದಂತೆ ಕಪ್ಪಾಗುವ ಅಂಚು, ಈ ಮೂರು ಜಾಗ ನೋಡಿಕೊಂಡರೆ ಸಾಕು. ಸಪೂರ ದಾರ ಹಾಕಿ. ನೀರು ಅಷ್ಟು ತಿಳಿ ಇರುವುದರಿಂದ ದಪ್ಪ ದಾರ ಕಂಡರೆ ಮೀನು ಹತ್ತಿರ ಸುಳಿಯುವುದಿಲ್ಲ. ದಿನಕ್ಕೆ ಎಷ್ಟು ಹಿಡಿಯಬಹುದು, ಯಾವ ತಿಂಗಳು ತೆರೆದಿರುತ್ತದೆ ಎಂಬ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ವಾರ ನೋಡಿಕೊಳ್ಳಿ.

ಹಿಡಿದ ಟ್ರೌಟ್‌ಗೆ ಮೆಣಸಿನಪುಡಿ, ಅರಿಶಿನ, ಹುಣಸೆರಸ ಸವರಿ, ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಹಾಕಿದೆವು. ಬಂಗುಡೆಗೆ ಹಾಕುವ ಖಾರದ ಅರ್ಧ ಸಾಕು, ಇದು ಮೆತ್ತನೆಯ ಮೀನು. ಕರುಳು, ಮುಳ್ಳು ಎಲ್ಲ ಚೀಲದಲ್ಲಿ ಕಟ್ಟಿ ಕರಡಿಗೆ ಬಗ್ಗದ ಕಸದ ಡಬ್ಬಿಗೇ ಹಾಕಬೇಕು. ಸಮುದ್ರದ ಮೀನಿನ ರುಚಿ ಇದಕ್ಕೆಲ್ಲಿ ಎಂದರು ಅಪ್ಪಯ್ಯ. ಹಾಗೆನ್ನುತ್ತಲೇ ಇನ್ನೊಂದು ತುಂಡು ಹಾಕಿಸಿಕೊಂಡರು.

ಗಾಳಿ ಎದ್ದ ಮೇಲೆ ನಾವು ಹೆದ್ದಾರಿ ದಾಟಿ ಬಯಲಿಗೆ ಇಳಿಯುತ್ತೇವೆ. ಈ ಪ್ರದೇಶದ ವಿಚಿತ್ರವೇ ಇದು. ಬೆಟ್ಟದ ಬುಡದ ಸರೋವರ ಹಿಮನದಿ ಕೊರೆದು, ತಾನೇ ತಂದ ಕಲ್ಲುಮಣ್ಣಿನ ದಿಬ್ಬದಿಂದ ಕಟ್ಟೆ ಹಾಕಿದ್ದು. ಎದುರಿನ ಬಯಲು ಸುಮಾರು 7,60,000 ವರ್ಷಗಳ ಹಿಂದೆ ಅಗ್ನಿಪರ್ವತ ಸಿಡಿದು ಕುಸಿದ ಲಾಂಗ್ ವ್ಯಾಲಿ ಕುಳಿ. ಉದ್ದ 32 ಕಿಲೋಮೀಟರ್ ಆಸುಪಾಸು. ಒಳಗೆ ನಿಂತವನಿಗೆ ಕುಳಿ ಎಂದು ತಿಳಿಯುವುದೇ ಇಲ್ಲ, ದನ ಮೇಯುವ ಹುಲ್ಲುಗಾವಲು ಅಷ್ಟೇ. ಕೆಳಗಿನ ಬೆಂಕಿ ಇನ್ನೂ ಆರಿಲ್ಲ. 1980ರ ಮೇ ತಿಂಗಳಲ್ಲಿ ರಿಕ್ಟರ್ ಮಾಪಕದಲ್ಲಿ 6ರ ಆಸುಪಾಸಿನ ನಾಲ್ಕು ಭೂಕಂಪಗಳು ಇಲ್ಲಿ ಆದವು. ಮಳೆ-ಹಿಮದ ನೀರು ಆಳಕ್ಕಿಳಿದು, ಕಾದು, ಬಿರುಕುಗಳಲ್ಲಿ ಮೇಲೆ ಬರುತ್ತದೆ. ಪುತ್ತೂರು ಕಡೆಯ ಬೆಂದ್ರ್ ತೀರ್ಥ ನೋಡಿದ್ದ ಅಪ್ಪಯ್ಯ ಅದೇ ಉಗುರುಬೆಚ್ಚಗಿನ ನೀರನ್ನು ನಿರೀಕ್ಷಿಸಿದ್ದರು.

ಹಾಟ್ ಕ್ರೀಕ್‌ನ ಮೇಲಿನ ದಂಡೆಯಲ್ಲಿ ನಿಲ್ಲಿಸಿದಾಗ ಆ ನಿರೀಕ್ಷೆ ಹೋಯಿತು. ತೊರೆಯ ತಣ್ಣೀರಿನ ಪಕ್ಕದಲ್ಲೇ ನೀಲಿ ಗುಂಡಿಗಳು ಕುದಿಯುತ್ತವೆ. ಮೊದಲು ಜನ ಅಲ್ಲಿ ಈಜುತ್ತಿದ್ದರು. ಬಿಸಿ ಯಾವಾಗ, ಎಲ್ಲಿ ಏರುತ್ತದೆಂದು ಹೇಳಲಾಗದ್ದರಿಂದ 2006ರಿಂದ ನೀರಿಗಿಳಿಯುವುದನ್ನು ನಿಲ್ಲಿಸಿದ್ದಾರೆ. ಸ್ವಲ್ಪ ಮೇಲಿನ ಹರಿವಿನಲ್ಲಿ ನೊಣದಂಥ ನಕಲಿ ಹುಳು ಕಟ್ಟಿ ಗಾಳ ಬೀಸುವವರು ನಿಂತಿರುತ್ತಾರೆ. ಅಲ್ಲಿ ಹಿಡಿದ ಮೀನನ್ನು ವಾಪಸು ಬಿಡಲೇಬೇಕು.

ಬಿಸಿನೀರಿಗೆ ಮೈ ಇಳಿಸುವುದಕ್ಕೆ ಬೆಂಟನ್ ಕ್ರಾಸಿಂಗ್ ರಸ್ತೆಯ ಕಡೆ ಹೋಗಬೇಕು. ತಿರುವಿನಲ್ಲಿ ಹಸಿರು ಬಣ್ಣದ ಚರ್ಚ್ ಇದೆ, ಅದೇ ಗುರುತು. ಮುಂದೆ ಮಣ್ಣುರಸ್ತೆಗಳು. ವೈಲ್ಡ್ ವಿಲ್ಲೀಸ್ ಎಂಬ ಕುಂಡಕ್ಕೆ ಹಲಗೆಯ ಕಾಲುದಾರಿ ಇರುವುದರಿಂದ ಹಿರಿಯರಿಗೆ ಸುಲಭ. ಇನ್ನು ಕೆಲವು ಕಡೆ ಯಾರೋ ಪುಣ್ಯಾತ್ಮರು ಸಿಮೆಂಟಿನ ತೊಟ್ಟಿ ಕಟ್ಟಿ, ಪೈಪಿನಲ್ಲಿ ನೀರು ತಂದಿದ್ದಾರೆ. ಕಾಲು ಹಾಕುವ ಮೊದಲು ಕೈಯಿಂದ ನೋಡಿ, ತಲೆ ಮುಳುಗಿಸಬೇಡಿ: ಬೆಚ್ಚಗಿನ ನಿಂತ ನೀರಿನ ಅಮೀಬಾ ಮೂಗಿನ ಮೂಲಕ ಮೆದುಳಿಗೆ ಹೋಗುವುದು ಅಪರೂಪ, ಆದರೆ ಹೋದರೆ ಉಳಿಯುವವರು ಕಡಿಮೆ. ಬಟ್ಟೆ ಇಲ್ಲದೆ ಕೂತವರೂ ಸಿಗುತ್ತಾರೆ. ಮನೆಮಂದಿಯ ಜೊತೆ ಹೋಗುವವರು ನಮ್ಮ ಹಾಗೆ ಒಬ್ಬರನ್ನು ಮುಂದೆ ಕಳಿಸಿ ನೋಡಿಸಿಕೊಳ್ಳಬಹುದು. ಆ ಕೆಲಸ ನನ್ನ ಪಾಲಿಗೆ ಬಂದಿತ್ತು.

ನವೆಂಬರ್ ಹೊತ್ತಿಗೆ ಸಾಮಾನ್ಯವಾಗಿ ಹಿಮ ಬಿದ್ದು ಟಯೋಗಾ ಮುಚ್ಚುತ್ತದೆ. ಮತ್ತೆ ತೆರೆಯುವುದು ಮೇ ಕೊನೆಗೋ, ಜೂನಿಗೋ, ಹಿಮ ಜಾಸ್ತಿಯಾದ ವರ್ಷ ಜುಲೈಗೋ. ದಾರಿ ಮುಚ್ಚಿರುವಾಗ ಬೇ ಏರಿಯಾದಿಂದ ಹೋಗುವವರು ಉತ್ತರದಲ್ಲಿ ಟಾಹೋ ಸರೋವರದ ಕಡೆಯಿಂದ ಸುತ್ತು ಹಾಕಿ 395ಕ್ಕೆ ಇಳಿಯಬೇಕು, ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಸುತ್ತುವ ಸರಪಳಿ ಗಾಡಿಯಲ್ಲಿ ಇರಲಿ.