ಯಾರ ಮನಿಗಿ ಬಂದೀರಿ?

2025ರ ಜನವರಿ 16ರಂದು ಬೀದರಿನಲ್ಲಿ ಹಾಡುಹಗಲೇ ಬ್ಯಾಂಕಿನ ಮುಂದೆ, ಎಟಿಎಂಗೆ ತುಂಬುವ ಹಣ ಸಾಗಿಸುತ್ತಿದ್ದವರ ಮೇಲೆ ಗುಂಡು ಹಾರಿಸಿ, ಪೆಟ್ಟಿಗೆ ಎತ್ತಿಕೊಂಡು ಬೈಕಿನಲ್ಲಿ ಪಾರಾದರು. ಒಂದು ಜೀವ ಹೋಯಿತು. ಆಮೇಲೆ ನಮ್ಮ ಗಲ್ಲಿಯಲ್ಲಿ ಕತ್ತಲಾಗುವ ಮೊದಲೇ ಬಾಗಿಲು ಹಾಕತೊಡಗಿದರು. ನಾನು ಔರಾದ ಕಡೆಯವಳು. ಇಲ್ಲಿ ಖಾಸಗಿ ಲ್ಯಾಬಿನಲ್ಲಿ ರಕ್ತ ತಪಾಸಣೆಯ ಕೆಲಸ, ನೌಬಾದಿನಲ್ಲಿ ಬಾಡಿಗೆ ಮನೆ, ಜೊತೆಗೆ ಅವ್ವ. ಕೆಲಸ ಮುಗಿಸಿ ಮನೆ ಸೇರುವಾಗ ರಾತ್ರಿ ಒಂಬತ್ತು ದಾಟಿರುತ್ತದೆ. ಹಿಂದೆ ಬೈಕಿನ ಸದ್ದಾದರೆ ಎದೆ ಝಲ್ಲೆನ್ನುತ್ತಿತ್ತು.

‘ಧೈರ್ಯ ತಗೋ’ ಎಂದವರು ಬಹಳ ಮಂದಿ. ಅದರಿಂದ ಏನೂ ಆಗಲಿಲ್ಲ. ಅಂಜಿಕೆ ಯಾವುದರದ್ದು ಎಂದು ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟೆ. ಬರೆದ ಮೇಲೆ ಬೇರೆ ಬೇರೆಯಾಗಿ ಕಂಡವು: ಕೆಲವು ಬಾಗಿಲಿನವು, ಕೆಲವು ಫೋನಿನವು. ಇನ್ನೊಂದು ಎಲ್ಲಕ್ಕಿಂತ ದೊಡ್ಡದು. ನಾನಿಲ್ಲಿ ಕೂಗಿಕೊಂಡರೆ ‘ಯಾರಕಿ?’ ಎಂದು ಹೊರಗೆ ಬರುವವರು ಯಾರಿದ್ದಾರೆ?

ಬಾಗಿಲಿನದು ಸುಲಭ. ಮಾಲಕರನ್ನು ಕೇಳಿ ಒಳಗಿನಿಂದ ಗಟ್ಟಿ ಚಿಲಕ ಹಾಕಿಸಿದೆ, ಹೊಸ ಕೀಲಿ ತಂದೆ, ಅಂಗಳಕ್ಕೊಂದು ಬಲ್ಬು. ಅವ್ವನಿಗೆ ಕಾಣುವಷ್ಟು ದೊಡ್ಡ ಅಂಕಿಯಲ್ಲಿ ಗೋಡೆಗೆ ಬರೆದು ಅಂಟಿಸಿದೆ: ಪೊಲೀಸರಿಗೆ 112, ಹೆಣ್ಣುಮಕ್ಕಳ ಸಹಾಯವಾಣಿ 181, ಫೋನಿನಲ್ಲಿ ದುಡ್ಡು ಹೋದರೆ ತಡಮಾಡದೆ 1930. ನಂಬರಿಗಿಂತ ಮುಖ್ಯವಾದದ್ದು ವಿಳಾಸ ಹೇಳುವುದು. ಗಾಬರಿಯಲ್ಲಿ ಮನೆ ನಂಬರು ನೆನಪಿಗೆ ಬರುವುದಿಲ್ಲ. ಹಿಟ್ಟಿನ ಗಿರಣಿಯಿಂದ ಎಡಕ್ಕೆ, ಬೇವಿನ ಗಿಡದ ಎದುರು ಎಂದು ಅವ್ವ ಒಂದೇ ಉಸಿರಿಗೆ ಹೇಳುವ ತನಕ ಇಬ್ಬರೂ ರೂಢಿ ಮಾಡಿದೆವು. ‘ನಿಮ್ಮ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ನಿಮ್ಮನ್ನ ಡಿಜಿಟಲ್ ಅರೆಸ್ಟ್ ಮಾಡೀವಿ’ ಎಂಬ ಕರೆ ಬಂದರೆ ಮಾತಿಲ್ಲದೆ ಕಡಿದುಬಿಡು ಎಂದೂ ಹೇಳಿದೆ. ವಿಡಿಯೋ ಕಾಲಿನಲ್ಲಿ ಬಂಧಿಸುವ ಕಾನೂನು ಈ ದೇಶದಲ್ಲಿಲ್ಲ.

ಇಷ್ಟಾದರೂ ನಿದ್ದೆ ಬರಲಿಲ್ಲ. ಟೆಲಿ ಮಾನಸ್‌ಗೆ, 14416ಕ್ಕೆ, ಕರೆ ಮಾಡಿದೆ. ಮಾನಸಿಕ ಆರೋಗ್ಯಕ್ಕೆಂದು 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಉಚಿತ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆಯ ಹೆಣ್ಣುಮಗಳು ಅವಸರ ಮಾಡದೆ ಕೇಳಿಸಿಕೊಂಡಳು. ಮಲಗುವ ಮುಂಚೆ ಏನು ನೋಡುತ್ತೀರಿ ಎಂದಳು. ನೋಡುತ್ತಿದ್ದದ್ದು ಗಲ್ಲಿಯ ವಾಟ್ಸಾಪ್ ಗುಂಪು.

ಆ ಗುಂಪಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ದರೋಡೆಯಾದ ಮೇಲೆ ಅದರಲ್ಲಿ ದಿನಾ ಯಾರದೋ ಫೋಟೋ. ಚಾದರ ಮಾರುವವನು, ಗುಜರಿ ಸಾಮಾನಿನವನು, ಬಾಡಿಗೆ ಮನೆ ಹುಡುಕುತ್ತಿದ್ದ ಹುಡುಗರು. ಕೆಳಗೆ ‘ಹುಷಾರ್’ ಎಂಬ ಬರಹ. ನನಗೆ ಮುರ್ಕಿ ನೆನಪಾಯಿತು. 2018ರ ಜುಲೈನಲ್ಲಿ ನಮ್ಮದೇ ಜಿಲ್ಲೆಗೆ ಹೈದರಾಬಾದಿನಿಂದ ಗೆಳೆಯರ ಜೊತೆ ಬಂದಿದ್ದ ಯುವಕನೊಬ್ಬನನ್ನು ‘ಮಕ್ಕಳ ಕಳ್ಳ’ ಎಂದು ಮುರ್ಕಿಯಲ್ಲಿ ಜನ ಹೊಡೆದು ಕೊಂದರು. ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ನೆಪ, ಉಳಿದದ್ದನ್ನು ವಾಟ್ಸಾಪ್ ಮಾಡಿತು. ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆ ಕಳಿಸುವ ಮಿತಿಯನ್ನು ವಾಟ್ಸಾಪ್ ಭಾರತದಲ್ಲಿ ಹೇಳಿದ್ದು ಅದೇ ತಿಂಗಳು. ಹೊಡೆದವರೂ ತಮ್ಮ ಮಕ್ಕಳಿಗಾಗಿ ಅಂಜಿದವರೇ ಅಲ್ಲವೇ? ಈ ಅಂಜಿಕೆ ನನಗೆ ಕಳ್ಳರಿಗಿಂತ ಹೆಚ್ಚು ಭಯ ಹುಟ್ಟಿಸುತ್ತದೆ.

ಗುಂಪಿನಲ್ಲಿ ಬರೆಯಲಿಲ್ಲ, ಮನೆಮನೆಗೆ ಹೋದೆ. ಕಿರಾಣಿಯ ಚಾಚಾನ ಜೊತೆ ಉರ್ದು, ಉದಗೀರ ಕಡೆಯ ಅಜ್ಜಿಯ ಜೊತೆ ಹರಕುಮುರುಕು ಮರಾಠಿ. ಕೇಳಿದ್ದು ಇಷ್ಟೇ: ಫೋಟೋ ಹಾಕಬ್ಯಾಡ್ರಿ, ಎದುರಿಗೆ ಹೋಗಿ ‘ಯಾರ ಮನಿಗಿ ಬಂದೀರಿ?’ ಅಂತ ಕೇಳ್ರಿ. ನಮ್ಮೂರಲ್ಲಿ ಬಸ್ಸಿಳಿದವರನ್ನು ಕಟ್ಟೆಯ ಮೇಲಿನವರು ಕೇಳುವುದು ಇದನ್ನೇ. ನೆಂಟರಾದರೆ ಮನೆ ತೋರಿಸುತ್ತಾರೆ, ಕೆಟ್ಟ ಉದ್ದೇಶ ಇದ್ದವನಿಗೆ ತನ್ನ ಮುಖ ಗುರುತಾಯಿತೆಂದು ತಿಳಿಯುತ್ತದೆ. ಒಂದಿಬ್ಬರು ಒಪ್ಪಲಿಲ್ಲ. ‘ನೀ ಹೆಣ್ಣುಮಗಳು, ನಿನಗ್ಯಾಕ ಬೇಕವ್ವ’ ಎಂದರು. ಅಜ್ಜಿ ಮಾತ್ರ ಮರುದಿನದಿಂದಲೇ ಕಟ್ಟೆಗೆ ಬಂದು ಕುಳಿತಳು.

ಫೋಟೋಗಳು ಕಡಿಮೆಯಾದವು, ಪೂರ್ತಿ ನಿಂತಿಲ್ಲ. ಚಾದರದವನು ಈಗ ನಮ್ಮ ಅಂಗಳದಲ್ಲಿ ನೀರು ಕುಡಿದು ಹೋಗುತ್ತಾನೆ. ನಾನು ತಡವಾದರೆ ಚಾಚಾ ಅರ್ಧ ಶಟರ್ ಇಳಿಸಿ ಕಾಯುತ್ತಾನೆ, ‘ಆ ಗಯೀ ಬೇಟಾ’ ಎಂದ ಮೇಲೆಯೇ ಅಂಗಡಿ ಮುಚ್ಚುವುದು. ಗಿರಣಿಯ ತಿರುವಿನಲ್ಲಿ ಇನ್ನೂ ಬೀದಿದೀಪ ಇಲ್ಲ. ಗಲ್ಲಿಯವರೆಲ್ಲ ಸಹಿ ಹಾಕಿ ಅರ್ಜಿ ಕೊಟ್ಟಿದ್ದೇವೆ. ಕಂಬಕ್ಕೆ ದೀಪ ಬರುವ ತನಕ ಗಿರಣಿಯವರು ತಮ್ಮ ಹೊರಗಿನ ಬಲ್ಬನ್ನು ಹತ್ತು ಗಂಟೆಯವರೆಗೆ ಹಚ್ಚಿಡಲು ಒಪ್ಪಿದ್ದಾರೆ. ಕರೆಂಟು ಬಿಲ್ಲಿಗೆ ತಿಂಗಳಿಗಿಷ್ಟು ಎಂದು ಎಲ್ಲರೂ ಕೂಡಿ ಕೊಡುತ್ತೇವೆ.