ಚಿಲ್ಲರೆ ಕಾಸಿನಲ್ಲಿ ಯುರೋಪ್ ಪಾಠ: ನನ್ನ ಅನುಭವ

ಜರ್ಮನಿಯ ಕೆಹ್ಲ್ ಊರಲ್ಲಿ ವಲಸೆ ಬಂದವರಿಗೆ, ನಿರಾಶ್ರಿತರಿಗೆ ನಾನು ಪಾಠ ಮಾಡುತ್ತೇನೆ. ಭಾಷೆಯ 600 ಗಂಟೆ ಮುಗಿದ ಮೇಲೆ ಬರುವ 100 ಗಂಟೆಯ ಓರಿಯೆಂಟೇಷನ್ ಕೋರ್ಸ್, ಅಂದರೆ ದೇಶದ ಕಾನೂನು, ಇತಿಹಾಸ, ಮೌಲ್ಯಗಳ ಪರಿಚಯ, ನನ್ನದು. ಕಾಸು ತೋರಿಸಿ ಯುರೋಪಿನ ಮೌಲ್ಯಗಳನ್ನು ಕಲಿಸುತ್ತೇನೆ ಅಂದಾಗ ಜೊತೆಯವರು "ಇದೇನು ಮಕ್ಕಳಾಟ" ಅಂದಿದ್ದರು. ಮೂರು ಬ್ಯಾಚ್ ಆಯ್ತು. ಈಗ ಅವರೇ ನನ್ನ ನಾಣ್ಯದ ಡಬ್ಬಿ ಕೇಳಿಕೊಂಡು ಬರುತ್ತಾರೆ.

ಮೊದಲ ಎರಡು ವರ್ಷ ಸುಮ್ನೆ ಹೋಯಿತು. ಯುರೋಪ್ ಒಕ್ಕೂಟದ ಒಪ್ಪಂದದ 2ನೇ ವಿಧಿಯನ್ನು ಸ್ಲೈಡ್ ಮಾಡಿ ಓದಿಸುತ್ತಿದ್ದೆ. ಅದರಲ್ಲಿರುವ ಮೌಲ್ಯಗಳು ಆರು: ಘನತೆ, ಸ್ವಾತಂತ್ರ್ಯ, ಪ್ರಜಾಪ್ರಭುತ್ವ, ಸಮಾನತೆ, ಕಾನೂನಿನ ಆಳ್ವಿಕೆ, ಮಾನವ ಹಕ್ಕು. ಎಲ್ಲರೂ ತಲೆಯಾಡಿಸುತ್ತಿದ್ದರು. ಸರ್ಕಾರಕ್ಕೆ ಹೆದರಿ ಬದುಕಿದವರು ಟೀಚರ್ ಮುಂದೆ ಇನ್ನೇನು ಮಾಡುತ್ತಾರೆ? ಪರೀಕ್ಷೆಯಲ್ಲಿ 33ಕ್ಕೆ 15 ಬಂದರೆ ಪಾಸು. ಪ್ರಶ್ನೆಗಳು ಮೊದಲೇ ಸಿಗುತ್ತವೆ, ಉರು ಹೊಡೆದು 30 ತೆಗೆಯುತ್ತಿದ್ದರು. ಮರುದಿನ ಅದನ್ನೇ ಬೇರೆ ಮಾತಲ್ಲಿ ಕೇಳಿದರೆ ಬಾಯಿಯೇ ಬಿಡುತ್ತಿರಲಿಲ್ಲ.

ಆಮೇಲೆ ಪ್ರವಾಸ ಹೊರಡಿಸಿದೆ. ಟ್ರಾಮ್ ಹತ್ತಿ ರೈನ್ ನದಿ ದಾಟಿದರೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್. ಯುರೋಪಿಯನ್ ಪಾರ್ಲಿಮೆಂಟ್, ಮಾನವ ಹಕ್ಕುಗಳ ಕೋರ್ಟ್ ಎರಡೂ ಅಲ್ಲೇ ಇವೆ. ಸ್ಟಾಪಿಗೆ ಬಂದ ಮೇಲೆ ಗೊತ್ತಾಯಿತು, ಮೂವರ ಆಶ್ರಯದ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ, ಅವರು ಗಡಿ ದಾಟುವಂತಿಲ್ಲ. ಮೊದಲೇ ವಿಚಾರಿಸದೇ ಇದ್ದದ್ದು ನನ್ನದೇ ತಪ್ಪು. ಅವರನ್ನು ಬಿಟ್ಟು ಹೋಗಲು ಉಳಿದವರು ಒಪ್ಪಲಿಲ್ಲ. ಟಿಕೆಟ್ಟಿನ ಸುಮಾರು 70 ಯೂರೋ ನನ್ನ ಕೈಯಿಂದಲೇ ಹೋಯಿತು.

ವಾಪಸ್ ಬರುವಾಗ ಎಲ್ಲರಿಗೂ ಬೇಕರಿಯಲ್ಲಿ ಬನ್ ಕೊಡಿಸಿದೆ. ಚಿಲ್ಲರೆಯಲ್ಲಿ ಫ್ರಾನ್ಸಿನ ನಾಣ್ಯ ಬಂತು. ಗಡಿಯ ಊರಲ್ವಾ, ಬರುತ್ತಲೇ ಇರುತ್ತವೆ. ಸಿರಿಯಾದ ಹಿರಿಯರೊಬ್ಬರು ಅದನ್ನು ತಿರುಗಿಸಿ ನೋಡಿ, "ಈ ಕಾಸು ದಾಟಿ ಬಂದಿದೆ, ನಾವು ದಾಟಲಿಲ್ಲ" ಅಂದರು. ಆ ಮಾತು ರಾತ್ರಿಯೆಲ್ಲ ನನ್ನ ತಲೆಯಲ್ಲಿತ್ತು.

ಮರುವಾರದಿಂದ ಬೇರೆ ಬೇರೆ ದೇಶಗಳ ಯೂರೋ ನಾಣ್ಯ ಕೂಡಿಸಿದೆ. ಗ್ರೀಸಿನ ಗೂಬೆ, ಐರ್ಲೆಂಡಿನ ಹಾರ್ಪ್, ಆಸ್ಟ್ರಿಯಾದ ಮೋಟ್ಸಾರ್ಟ್, ಜರ್ಮನಿಯ ಹದ್ದು. ಒಂದು ಬದಿ ಆಯಾ ದೇಶದ್ದು, ಇನ್ನೊಂದು ಬದಿ ಎಲ್ಲರದ್ದು. ಸಿಗದವನ್ನು ನಾಣ್ಯದ ಅಂಗಡಿಯಲ್ಲಿ ಜಾಸ್ತಿ ಕೊಟ್ಟು ತಂದೆ. ಒಟ್ಟು 120 ಯೂರೋ ಆಗಿರಬೇಕು. ಶಾಲೆಯಿಂದ ಒಂದು ಸೆಂಟೂ ಬರಲಿಲ್ಲ.

ಪಾಠ ಹೀಗೆ ಸಾಗುತ್ತದೆ. ಮೊದಲು ನಾಣ್ಯಗಳನ್ನು ಕೈಗೆ ಕೊಟ್ಟು, ಕಾಗದದ ದೊಡ್ಡ ಬಿಲ್ಲೆಯ ಒಂದು ಬದಿಗೆ ನಿಮ್ಮೂರಿನದು ಏನಾದರೂ ಬರೆಯಿರಿ ಅನ್ನುತ್ತೇನೆ. ದಾಳಿಂಬೆ, ಒಂಟೆ, ಅಜ್ಜಿಯ ತಂದೂರ್ ಒಲೆ, ಎಲ್ಲ ಬರುತ್ತವೆ. ಆಮೇಲೆ ಕೇಳುತ್ತೇನೆ: ನಾವೆಲ್ಲ ಒಂದೇ ಬೀದಿಯಲ್ಲಿ ಇರಬೇಕಾದರೆ ಇನ್ನೊಂದು ಬದಿಗೆ ಏನು ಬೇಕು? ಅಲ್ಲಿಂದ ಜಗಳ ಶುರು. ಕಳೆದ ಸಲ ಒಬ್ಬರು, ಹೆಂಡತಿ ಕೆಲಸಕ್ಕೆ ಹೋಗುವುದು ಬಿಡುವುದು ನಮ್ಮ ಬದಿಯ ವಿಷಯ ಅಂದರು. ಉಕ್ರೇನಿನ ಹೆಂಗಸೊಬ್ಬರು ಎದ್ದು ಅವರ ಬಿಲ್ಲೆಯನ್ನೇ ತಿರುಗಿಸಿ ಮೇಜಿನ ಮೇಲೆ ಕುಕ್ಕಿದರು. ಒಂದೂವರೆ ಗಂಟೆ ವಾದ ನಡೆಯಿತು. ನಾನು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ 2ನೇ ವಿಧಿಯ ಹಾಳೆ ಹಂಚಿದೆ. ಆರರಲ್ಲಿ ಐದನ್ನು ಅವರೇ ಬರೆದಿದ್ದರು. ಮೊದಲು ಯಾವ ನಾಣ್ಯ ಯಾರ ಕೈಗೆ ಕೊಡುತ್ತೇನೆ ಅನ್ನುವುದರಲ್ಲಿ ಒಂದು ಗುಟ್ಟಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಅಡುಗೆಯಲ್ಲೂ ಇದನ್ನು ಮಾಡಿ ನೋಡಿದೆ. ಎಲ್ಲರೂ ತಮ್ಮೂರಿನ ಊಟ ತಂದರು, ಹೊಟ್ಟೆ ತುಂಬಿತು, ಮಾತು ಹುಟ್ಟಲಿಲ್ಲ. ಜರ್ಮನಿಯ 2 ಯೂರೋ ಅಂಚು ಓದಿಸಿದ್ದು ಮಾತ್ರ ಫಲಿಸಿತು. ಅದರ ಮೇಲೆ "ಏಕತೆ, ನ್ಯಾಯ, ಸ್ವಾತಂತ್ರ್ಯ" ಎಂದು ಜರ್ಮನ್‌ನಲ್ಲಿ ಕೆತ್ತಿದ್ದಾರೆ. ಫೋನಿನ ಟಾರ್ಚ್ ಹಾಕಿ, ಉಗುರಿನಲ್ಲಿ ನಾಣ್ಯ ತಿರುಗಿಸುತ್ತಾ ಎರಿಟ್ರಿಯಾದ ಹುಡುಗಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಇದು ಇಷ್ಟು ದಿನ ನನ್ನ ಜೇಬಲ್ಲೇ ಇತ್ತಾ?" ಅಂದಳು.

ಒಂದು ಕೊರತೆ ಉಳಿದಿತ್ತು. "ನನ್ನ ತಮ್ಮ ಸ್ವೀಡನ್‌ನಲ್ಲಿದ್ದಾನೆ, ಅಲ್ಲಿ ಯೂರೋ ಇಲ್ಲ, ಹಾಗಾದರೆ ಅವನು ಹೊರಗಿನವನಾ?" ಅಂತ ಒಬ್ಬ ಕೇಳಿದ. ನನ್ನ ಹತ್ತಿರ ಉತ್ತರ ಸಿದ್ಧವಿರಲಿಲ್ಲ. ಈಗ ಡಬ್ಬಿಯಲ್ಲಿ, ಒಕ್ಕೂಟದಲ್ಲಿದ್ದೂ ಯೂರೋ ಬಳಸದ ಸ್ವೀಡನ್ನಿನ ಕ್ರೋನ, ಪೋಲೆಂಡಿನ ಜ್ವಾಟಿ ಎರಡೂ ಇವೆ. ಕ್ರೋನ ಕಳಿಸಿದ್ದು ಆ ತಮ್ಮನೇ.