ದೋಣಿಯ ಸ್ಪಿರಿಟ್ ಒಲೆಯನ್ನು ಸುರಕ್ಷಿತವಾಗಿ ಬಳಸುವ ಬಗೆ

ಗ್ಯಾಸ್ ಸೋರಿ ದೋಣಿಯ ತಳದಲ್ಲಿ ತುಂಬಿಕೊಂಡೀತೆಂಬ ಭಯದಿಂದ ಹಲವರು ಅಡುಗೆಗೆ ಸ್ಪಿರಿಟ್ ಒಲೆಯನ್ನು ಇಟ್ಟುಕೊಳ್ಳುತ್ತಾರೆ. ಆ ಆಯ್ಕೆಯಲ್ಲಿ ತಪ್ಪಿಲ್ಲ. ಆದರೆ ಸ್ಪಿರಿಟ್ ಬೆಂಕಿಯನ್ನು ಒಂದು ಲೋಟ ನೀರಿನಿಂದ ಆರಿಸಬಹುದೆಂದು ನಂಬಿ ನಿಶ್ಚಿಂತರಾಗಿರುವುದು ಅಪಾಯಕರ. ಸ್ಪಿರಿಟ್ಟಿನ ಮುಖ್ಯ ಅಂಶವಾದ ಎಥನಾಲ್ (ಮದ್ಯಸಾರ) ನೀರಿನಲ್ಲಿ ಬೆರೆಯುವುದು ನಿಜ, ಆದರೆ ಅರ್ಧದಷ್ಟು ನೀರು ಬೆರೆತ ಮೇಲೂ ಅದು ಉರಿಯಬಲ್ಲದು. ಹೀಗಾಗಿ ಸ್ವಲ್ಪವೇ ನೀರನ್ನು ಎರಚಿದರೆ, ಉರಿಯುವ ದ್ರವವು ಒಲೆಯಿಂದ ಇಳಿದು ನೆಲದ ಹಲಗೆಗಳ ಸಂದಿಯವರೆಗೂ ಹರಡುತ್ತದೆ.

ಅತ್ಯಂತ ಎಚ್ಚರ ಬೇಕಾದದ್ದು ಇಂಧನ ತುಂಬುವಾಗ. ಸ್ಪಿರಿಟ್ಟಿನ ತೆಳುನೀಲಿ ಜ್ವಾಲೆ ಹಗಲಿನ ಬೆಳಕಿನಲ್ಲಿ ಬಹುತೇಕ ಕಾಣಿಸುವುದೇ ಇಲ್ಲ. ಆರಿದೆಯೆಂದು ತಿಳಿದು ಡಬ್ಬಿಯಿಂದ ಸುರಿಯಲು ಹೋದರೆ ಬೆಂಕಿ ಆವಿಯನ್ನು ಹಿಡಿದು ಡಬ್ಬಿಯೊಳಗೇ ನುಗ್ಗಬಹುದು. ಎಥನಾಲ್ ಸುಮಾರು 13 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುವುದರಿಂದ, ಬಿಸಿ ಬರ್ನರ್‌ನ ಬಳಿ ಇಂಧನದ ಡಬ್ಬಿಯ ಮುಚ್ಚಳವನ್ನು ತೆರೆಯಲೇಬಾರದು. ಒಲೆ ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ, ಕೈಯನ್ನು ದೂರದಿಂದಲೇ ಹಿಡಿದು ಶಾಖ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ, ಇಂಧನದ ಪಾತ್ರೆಯನ್ನು ಬಿಡಿಸಿ ತೆಗೆಯಬಹುದಾದರೆ ಕ್ಯಾಬಿನ್‌ನ ಹೊರಗೆ ತಂದು ತುಂಬಿರಿ. ಹಸಿವಾದಾಗ ಈ ಕಾಯುವಿಕೆ ಬೇಸರ ತರಿಸುತ್ತದೆ. ಆದರೂ ಇದೊಂದನ್ನು ಯಾರೂ ಬಿಡಬಾರದೆಂಬುದು ನನ್ನ ಕಳಕಳಿಯ ಮನವಿ.

ಒತ್ತಡದ ಟ್ಯಾಂಕ್ ಇರುವ ಹಳೆಯ ಒಲೆಗಳ ತೊಂದರೆ ಬೇರೆ ಬಗೆಯದು. ಅವುಗಳಲ್ಲಿ ಬರ್ನರ್ ಮೊದಲೇ ಚೆನ್ನಾಗಿ ಕಾದಿರಬೇಕು. ಸಾಕಷ್ಟು ಕಾಯದಿದ್ದರೆ ಆವಿಯ ಬದಲು ದ್ರವವೇ ಹೊರಚಿಮ್ಮಿ ಜ್ವಾಲೆ ಮೇಲೇಳುತ್ತದೆ. ಬರ್ನರನ್ನು ಕಾಯಿಸಲು ಅದರ ಕೆಳಗಿನ ಬಟ್ಟಲಿಗೆ ಹಾಕಿದ ಸ್ಪಿರಿಟ್ ಪೂರ್ತಿ ಉರಿಯುವ ಮೊದಲೇ ಆರಿಹೋದರೆ, ಕೂಡಲೇ ಮತ್ತೆ ಸುರಿಯದೆ, ಎಲ್ಲವೂ ತಣಿದ ಮೇಲೆ ಮೊದಲಿನಿಂದ ಆರಂಭಿಸಬೇಕು. ಹೊಸದಾಗಿ ಕೊಳ್ಳುವವರಿಗೆ ನಾನು ಒತ್ತಡವಿಲ್ಲದ, ಇಂಧನವನ್ನು ಹೀರಿ ಹಿಡಿದಿಡುವ ಡಬ್ಬಿಗಳಿರುವ ಒಲೆಯನ್ನೇ ಸೂಚಿಸುತ್ತೇನೆ.

ಪರದೆ ಮತ್ತು ಬಟ್ಟೆಗಳನ್ನು ಒಲೆಯಿಂದ ದೂರವಿಡಿ. ದೋಣಿ ಓಲಾಡಿದಾಗ ಪಾತ್ರೆ ಜಾರದಂತೆ ತಡೆಸರಳುಗಳಿರಲಿ.

ಉರಿಯುವ ಒಲೆ ಮುಚ್ಚಿದ ಕ್ಯಾಬಿನ್‌ನ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ, ದಹನ ಅಪೂರ್ಣವಾದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡನ್ನೂ ಬಿಡುತ್ತದೆ. ಆದ್ದರಿಂದ ಅಡುಗೆಯ ಹೊತ್ತಿನಲ್ಲಿ ಗಾಳಿಯ ದಾರಿ ತೆರೆದಿರಲಿ, ಮಾನಾಕ್ಸೈಡ್ ಸೂಚಕವೊಂದು ಕ್ಯಾಬಿನ್‌ನಲ್ಲಿರಲಿ, ಚಳಿಯ ರಾತ್ರಿ ಬೆಚ್ಚಗಾಗಲು ಒಲೆ ಹಚ್ಚಿಟ್ಟು ಮಲಗಬೇಡಿ. ಮೆಥನಾಲ್ ಬೆರೆತ ಸ್ಪಿರಿಟ್ ವಿಷಕಾರಿಯಾದ್ದರಿಂದ ಅದನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಎಂದೂ ಇಡಬಾರದು.

ಬೆಂಕಿ ಆರಿಸಲು ಫೈರ್ ಬ್ಲಾಂಕೆಟ್ (ಬೆಂಕಿಯ ಮೇಲೆ ಮುಚ್ಚಿ ಆರಿಸುವ ಹೊದಿಕೆ) ಮತ್ತು ಒಣಪುಡಿಯ ಅಗ್ನಿಶಾಮಕ ಸೂಕ್ತ. ಸಾಮಾನ್ಯ ನೊರೆಯ ಅಗ್ನಿಶಾಮಕ ಇಲ್ಲಿ ಸಾಲದು, ಅದರ ನೊರೆಯನ್ನು ಸ್ಪಿರಿಟ್ ಒಡೆದುಬಿಡುತ್ತದೆ. ಬ್ಲಾಂಕೆಟ್ ಮತ್ತು ಒಣಪುಡಿಯ ಅಗ್ನಿಶಾಮಕ ಎರಡನ್ನೂ ಒಲೆಯ ಹಿಂದಲ್ಲ, ಕ್ಯಾಬಿನ್‌ನಿಂದ ಹೊರಹೋಗುವ ಬಾಗಿಲ ಬಳಿ, ಜ್ವಾಲೆಯನ್ನು ದಾಟದೆ ಕೈಗೆ ಸಿಗುವಂತೆ ತೂಗುಹಾಕಿ.